ದೀಪ ಹಾಕುವ ಮುಂಚಿನ ಊಟ

ಟೆಲಿಫೋನು ರಿಪೇರಿ ಮಾಡುತ್ತ ತಲೆ ನರೆತವನಿಗೆ ನಿವೃತ್ತಿಯಾದ ಮೇಲೂ ಒಂದು ಚಟ ಉಳಿದುಬಿಡುತ್ತದೆ. ಏನು ನೋಡಿದರೂ ಇದು ಎಲ್ಲಿ ಕೆಟ್ಟಿದೆ ಎಂದು ಹುಡುಕುವ ಚಟ. ಮದುವೆ ಮನೆಗೆ ಹೋದರೆ ನನಗೆ ವಾದ್ಯ ಕೇಳಿಸುವುದಿಲ್ಲ, ಮೈಕಿನ ಗೊರಗೊರ ಕೇಳಿಸುತ್ತದೆ. ಬಸ್ಸು ಹತ್ತಿದರೆ ಯಾವ ಗೇರು ಕರಕರ ಎನ್ನುತ್ತಿದೆ ಎಂದು ಕಿವಿ ಕೊಡುತ್ತೇನೆ. ಬಂದ ನೆಂಟರ ಎದುರಿಗೇ ನನ್ನ ಹೆಂಡತಿ ನಗುತ್ತಿದ್ದಳು. "ಇವ್ರ ಕಣ್ಗೆ ನೆಟ್ಟಗಿರೋದು ಕಾಣೋದೇ ಇಲ್ಲ. ನನ್ನಲ್ಲಿ ಏನು ಕೆಟ್ಟಿತ್ತೋ ಏನೋ, ನೋಡಿದ್ ಕೂಡ್ಲೆ ಒಪ್ಪಿಬಿಟ್ರು." ಅವಳಿಗೆ ಮಾತು ಇದ್ದ ಕಾಲದ ಮಾತು ಇದು.

ನಾವು ವಯನಾಡಿನ ಪಯ್ಯಂಪಳ್ಳಿಯ ಜೈನರು. ಹಿರಿಯರು ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಕಾಡು ದಾಟಿ ಬಂದು ಇಲ್ಲಿ ಬೇಸಾಯಕ್ಕೆ ನಿಂತವರು. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಮಲಯಾಳ. ಅಣ್ಣತಮ್ಮಂದಿರು ಗದ್ದೆ, ಕಾಫಿ, ಮೆಣಸು ಎಂದು ಮಣ್ಣಿಗೆ ಅಂಟಿಕೊಂಡರು. ನನಗೆ ತಂತಿಯ ಹುಚ್ಚು. ಹದಿಹರೆಯದಲ್ಲೇ ರೇಡಿಯೊ ಬಿಚ್ಚಿ ಜೋಡಿಸಿ, ಆಮೇಲೆ ಟೆಲಿಫೋನ್ ಇಲಾಖೆ ಸೇರಿಕೊಂಡೆ. ಕೈಯಲ್ಲಿ ಪ್ಲಗ್ಗು ಚುಚ್ಚಿ ಲೈನು ಕೊಡುವ ಹಳೆಯ ಬೋರ್ಡಿನ ಕಾಲ ಅದು. ಮಾನಂತವಾಡಿಯಿಂದ ಕೋಳಿಕ್ಕೋಡಿಗೆ ಒಂದು ಟ್ರಂಕ್ ಕಾಲ್ ಸಿಕ್ಕಿದರೆ ಮಾತಾಡುವವರು ಊರಿಗೆಲ್ಲ ಕೇಳುವ ಹಾಗೆ ಕಿರುಚುತ್ತಿದ್ದರು.

ಆಮೇಲೆ ವಯನಾಡು ಹೊಸ ಜಿಲ್ಲೆಯಾಯಿತು. ಜಿಲ್ಲೆ ಹುಟ್ಟಿದ್ದೇ ತಡ, ಎಲ್ಲ ಸಾಹೇಬರಿಗೂ ಮೇಜಿನ ಮೇಲೆ ಫೋನು ಬೇಕಾಯಿತು. ಕಲ್ಪೆಟ್ಟದಲ್ಲಿ ಕಚೇರಿಗೆ ಬಾಗಿಲು ಕೂರಿಸುವ ಮೊದಲೇ ಫೋನಿನ ಅರ್ಜಿ ಬಂದಿರುತ್ತಿತ್ತು. ತಿರುನೆಲ್ಲಿ ಕಡೆ ಆನೆ ಕಂಬ ಬೀಳಿಸುತ್ತಿತ್ತು, ಮಳೆಗಾಲದಲ್ಲಿ ಘಾಟಿಯ ಮರಗಳು ತಂತಿ ಕಡಿಯುತ್ತಿದ್ದವು. ಲೈನು ಸತ್ತಾಗ ಊರೆಲ್ಲ ನನ್ನನ್ನು ನೆನೆಸುತ್ತಿತ್ತು, ಲೈನು ಬಂದ ಕೂಡಲೇ ಮರೆಯುತ್ತಿತ್ತು. ನನಗೆ ಅದರಲ್ಲೇ ಒಂದು ಜಂಬ. ಮನೆಗೆ ಬರುವಾಗ ಕತ್ತಲಾಗಿರುತ್ತಿತ್ತು.

ಈ ಕತ್ತಲಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮವರು ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಕಣ್ಣಿಗೆ ಕಾಣದ ಹುಳುಹುಪ್ಪಟೆ ತುತ್ತಿನೊಡನೆ ಹೊಟ್ಟೆ ಸೇರೀತು, ಜೀವಹಿಂಸೆಯಾದೀತು ಎಂಬುದು ಅದಕ್ಕೆ ಕಾರಣ. ಆದರೆ ಇಲ್ಲಿನ ಮಳೆಗಾಲದಲ್ಲಿ ಸೂರ್ಯ ಮುಳುಗಿದ್ದು ಯಾರಿಗೆ ಕಾಣುತ್ತದೆ? ವಾರಗಟ್ಟಲೆ ಅವನ ಮುಖವೇ ಇರುವುದಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದಿಂದ ಒಂದು ಕಟ್ಟು ಇತ್ತು. ದೀಪ ಹಾಕಿದರೆ ರಾತ್ರಿ. ಮನೆಯ ಹಿರಿಯ ಹೆಂಗಸು ದೀಪ ಹಚ್ಚಿದ ಮೇಲೆ ಯಾರ ಬಾಯಿಗೂ ಏನೂ ಹೋಗಬಾರದು. ಕರೆಂಟು ಬಂದ ಮೇಲೆ ಈ ಕಟ್ಟು ಸ್ವಿಚ್ಚಿಗೂ ಅನ್ವಯಿಸಿತು. ನನ್ನ ಹೆಂಡತಿ ಸಂಜೆ ಉಂಡು, ತಟ್ಟೆ ತೊಳೆದು, ಬಾಯಿ ಮುಕ್ಕಳಿಸಿ, ಆಮೇಲೆಯೇ ಸ್ವಿಚ್ಚಿಗೆ ಕೈ ಹಾಕುತ್ತಿದ್ದಳು.

ನನಗೆ ಮಾತ್ರ ವಿನಾಯಿತಿ. ಡ್ಯೂಟಿಯವನು ಎಂದು ನನ್ನ ತಾಯಿಯೇ ಕೊಟ್ಟುಹೋದ ವಿನಾಯಿತಿ ಅದು. ಕತ್ತಲಾದ ಮೇಲೆ ನಾನು ಬರುತ್ತಿದ್ದೆ, ಅವಳು ಬಡಿಸುತ್ತಿದ್ದಳು, ಪಕ್ಕದಲ್ಲಿ ಕೂತು ದಿನದ ಸುದ್ದಿ ಹೇಳುತ್ತಿದ್ದಳು. ತಾನು ಒಂದು ತೊಟ್ಟು ನೀರು ಕೂಡ ಕುಡಿಯುತ್ತಿರಲಿಲ್ಲ. ಮದುವೆಯಾದಂದಿನಿಂದ ರಾತ್ರಿಯೂಟವನ್ನು ನಾವಿಬ್ಬರು ಕೂಡಿ ಉಂಡವರಲ್ಲ. ಅದು ನಮಗೆ ವಿಚಿತ್ರ ಎಂದು ತೋರಿದ್ದೂ ಇಲ್ಲ.

ನಾನು ನಿವೃತ್ತನಾದ ಮರುದಿನ ಸಂಜೆ ಇನ್ನೂ ಬೆಳಕಿರುವಾಗಲೇ ಅವಳು ಎರಡು ತಟ್ಟೆ ಹಾಕಿದಳು. ನಾನೂ ಕೂತೆ. ಆದರೆ ಹೊಟ್ಟೆ ಅಷ್ಟು ಹೊತ್ತಿಗೆ ಹಸಿಯಲು ಕಲಿತಿರಲಿಲ್ಲ. ಎರಡು ತುತ್ತು ತಿಂದು ಎದ್ದೆ, ಎಂಟು ಗಂಟೆಗೆ ಅಡಿಗೆಮನೆಯಲ್ಲಿ ಪಾತ್ರೆ ತಡಕಿದೆ. "ಎರಡೆರಡು ಸಲ ಉಣ್ಣೋಕೆ ನಿಮ್ಗೆ ಪೆನ್ಷನ್ನೂ ಎರಡು ಕೊಡ್ತಾರಾ?" ಎಂದು ಅವಳು ನಕ್ಕಳು. ಕೆಲವು ದಿನ ಹೀಗೆ ನಡೆಯಿತು. ಆಮೇಲೆ ಒಂದು ತಟ್ಟೆಯೇ ಬಂತು. ಮುಂದೆ ನೋಡೋಣ, ಹೊಟ್ಟೆ ಒಗ್ಗುತ್ತದೆ, ಇನ್ನೇನು ಬೇಕಾದಷ್ಟು ಸಂಜೆಗಳಿವೆ ಎಂದುಕೊಂಡೆ.

ಕಾಫಿ ಹೂ ಬಿಡುವ ಹೊತ್ತಿಗೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಬೆಳಿಗ್ಗೆ ಒಲೆಯ ಮುಂದೆ ಕುಸಿದಳು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಮಾನಂತವಾಡಿಯ ಆಸ್ಪತ್ರೆಯಿಂದ ಮನೆಗೆ ಕರೆತರುವಾಗ ಡಾಕ್ಟರು, ಜೀವಕ್ಕೆ ಭಯವಿಲ್ಲ, ಆದರೆ ಬುದ್ಧಿ ಎಷ್ಟು ಉಳಿದಿದೆ ಎಂದು ಹೇಳಲಾಗದು ಎಂದರು. ಒಳಗೆ ಅವಳು ಇದ್ದಾಳೋ ಇಲ್ಲವೋ ಎಂಬುದೇ ನನಗೆ ತಿಳಿಯಬೇಕಾಗಿತ್ತು. ಬೇರೆ ಏನೂ ಬೇಕಿರಲಿಲ್ಲ.

ಸತ್ತ ಲೈನನ್ನು ಪರೀಕ್ಷಿಸುವುದು ನನಗೆ ಗೊತ್ತಿದ್ದ ಒಂದೇ ವಿದ್ಯೆ. ಈ ತುದಿಯಿಂದ ಕರೆಯಬೇಕು, ಆ ತುದಿಯಿಂದ ಏನಾದರೂ ಮರಳಿ ಬರುತ್ತದೆಯೇ ನೋಡಬೇಕು. ದಿನವೂ ಅವಳ ಮಂಚದ ಪಕ್ಕದಲ್ಲಿ ಕೂತು ಕರೆದೆ. ಕನ್ನಡದಲ್ಲಿ ಕರೆದೆ, ಮಲಯಾಳದಲ್ಲಿ ಕರೆದೆ. ಚಮಚ ತೋರಿಸಿ ಇದೇನು ಎಂದು ಕೇಳಿದೆ. ಬಳೆ ತೋರಿಸಿದೆ. ಎಡಗೈ ಹಿಡಿದು, ಕೇಳಿಸಿದರೆ ಅಮುಕು ಎಂದೆ. ಒಂದು ದಿನ ಅಮುಕಿದ ಹಾಗಾಯಿತು, ಮರುದಿನ ಆಗಲಿಲ್ಲ. ಅವಳು ನನ್ನ ಮುಖವನ್ನು ನೋಡುತ್ತಿದ್ದಳು, ಇಲ್ಲವೆ ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಯಾವುದು ಎಂದು ಹೇಳಲು ಬರುತ್ತಿರಲಿಲ್ಲ.

ಮಗಳು ನಮ್ಮ ಜೊತೆಯಲ್ಲೇ ಇದ್ದಳು. ಮಾನಂತವಾಡಿಯ ಒಂದು ಶಾಲೆಯಲ್ಲಿ ಟೀಚರು. ಬೆಳಿಗ್ಗೆ ತಾಯಿಗೆ ಮೈ ಒರೆಸಿ, ಗಂಜಿ ಬೇಯಿಸಿಟ್ಟು ಬಸ್ಸಿಗೆ ಓಡುತ್ತಿದ್ದಳು, ಸಂಜೆ ಕತ್ತಲಾಗುವಾಗ ಬರುತ್ತಿದ್ದಳು. ಮಧ್ಯಾಹ್ನ ಉಣಿಸುವುದು ನನ್ನ ಕೆಲಸ. ಮೊದಮೊದಲು ಅದು ಚೆನ್ನಾಗಿಯೇ ನಡೆಯಿತು. ಬೇಸಗೆಯ ಬೆಳಕು ಕಿಟಕಿಯಿಂದ ಮಂಚದ ತನಕ ಬರುತ್ತಿತ್ತು. ಚಮಚ ಹತ್ತಿರ ಹೋದರೆ ಅವಳು ಬಾಯಿ ತೆರೆಯುತ್ತಿದ್ದಳು. ಗಂಟಲಿಗೆ ಇಳಿಯಲು ಹೊತ್ತು ಬೇಕಾಗುತ್ತಿತ್ತು, ಆದರೆ ಇಳಿಯುತ್ತಿತ್ತು. ಬಟ್ಟಲು ಖಾಲಿಯಾದ ದಿನ ನನಗೆ ಟ್ರಂಕ್ ಲೈನು ಜೋಡಿಸಿದಷ್ಟು ಖುಷಿ.

ಮಳೆ ಹಿಡಿಯಿತು. ಆ ಕೋಣೆಯ ಕಿಟಕಿಗೆ ಹೆಂಚಿನ ಮಾಡು ತಗ್ಗಾಗಿ ಇಳಿದಿದ್ದರಿಂದ ನಡುಮಧ್ಯಾಹ್ನವೂ ಅವಳ ತುಟಿ ಕಾಣದಷ್ಟು ಮಬ್ಬು. ಗಂಜಿ ಶ್ವಾಸಕ್ಕೆ ಹೋದರೆ ಅಪಾಯ ಎಂದು ಡಾಕ್ಟರು ಹೆದರಿಸಿದ್ದರು. ನಾನು ಪೇಟೆಗೆ ಹೋಗಿ ಟ್ಯೂಬ್ ಲೈಟು ತಂದು, ಸ್ಟೂಲು ಹತ್ತಿ, ಮಂಚದ ಮೇಲೆಯೇ ಬರುವ ಹಾಗೆ ಅದನ್ನು ಕೂರಿಸಿದೆ. ಕೋಣೆ ಹಾಲು ಚೆಲ್ಲಿದ ಹಾಗಾಯಿತು. ನಿವೃತ್ತಿಯ ನಂತರ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸ ಅದು ಎಂದು ಮಗಳಿಗೆ ಹೇಳಿಕೊಂಡೆ.

ಅವತ್ತಿನಿಂದ ನನ್ನ ಹೆಂಡತಿ ಬಾಯಿ ತೆರೆಯುವುದನ್ನು ಬಿಟ್ಟಳು. ಇದನ್ನು ಓದುವವರಿಗೆ ಕಾರಣ ಆಗಲೇ ಹೊಳೆದಿರಬಹುದು. ನಮಗೆ ಹೊಳೆಯಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಮಧ್ಯಾಹ್ನದ ಊಟಕ್ಕೂ ಹೊತ್ತು ಮುಳುಗುವ ಕಟ್ಟಿಗೂ ಯಾರಾದರೂ ಸಂಬಂಧ ಕಟ್ಟುತ್ತಾರೆಯೇ? ಮಗಳು ನೌಕರಿ ಸೇರಿದ ಮೇಲೆ ಆ ಕಟ್ಟನ್ನೇ ಬಿಟ್ಟಿದ್ದಳು. ನನಗೆ ಅದು ಯಾವತ್ತೂ ಇರಲಿಲ್ಲ.

ನಾನು ಚಮಚ ಹಿಡಿದು ಬೇಡುತ್ತಿದ್ದೆ. ಅವಳು ಹಲ್ಲು ಕಚ್ಚಿಕೊಂಡು ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಗಂಜಿ ಕೆನ್ನೆಯ ಮೇಲೆ ಹರಿದು ದಿಂಬಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಮಗಳು ಪ್ರಯತ್ನಿಸಿದರೂ ಅಷ್ಟೇ, ಸಂಜೆಯೂ ಅಷ್ಟೇ. ಎಲ್ಲೋ ಒಮ್ಮೆ ಮಗಳು ಲೈಟು ಹಾಕದೆ ಸೆರಗಿನಲ್ಲಿ ಬಾಯಿ ಒರೆಸುತ್ತ ನೀರು ಹನಿಸಿದರೆ ಕುಡಿಯುತ್ತಿದ್ದಳು. ಅದನ್ನು ನಾವು ಗಮನಿಸಲಿಲ್ಲ. ಕಣ್ಣೆದುರಿಗೇ ಅವಳು ಕರಗಿದಳು. ಕೈಯ ಬಳೆ ಮೊಣಕೈ ತನಕ ಜಾರತೊಡಗಿತು. ನಾನು ಹಿತ್ತಿಲಿಗೆ ಹೋಗಿ, ಮಳೆಯ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಅಳುತ್ತಿದ್ದೆ.

ಇನ್ನೊಂದು ವಿಷಯ ನಮ್ಮನ್ನು ಇನ್ನಷ್ಟು ಕಂಗೆಡಿಸಿತು. ಉಣಿಸಲು ಹೋದಾಗಲೆಲ್ಲ ಅವಳು ಎಡಗೈಯನ್ನು ನಡುಗಿಸುತ್ತ ಮೇಲಕ್ಕೆ ಎತ್ತುತ್ತಿದ್ದಳು. ಒಂದು ಸಂಜೆ ಮಗಳು ಅದನ್ನು ನೋಡಿ ಬಟ್ಟಲನ್ನು ಕೆಳಗಿಟ್ಟಳು.

"ಅಪ್ಪ, ಅಮ್ಮ ಮೇಲೆ ಹೋಗ್ಬೇಕು ಅಂತ ಹೇಳ್ತಿದ್ದಾರೆ. ಅದ್ಕೇ ಕಂಜಿ ಬೇಡ ಅಂತಾರೆ."

"ಹುಚ್ಚು ಮಾತಾಡ್ಬೇಡ" ಎಂದೆ. ಆದರೆ ಆ ಮಾತು ನನ್ನ ಎದೆಯೊಳಗೆ ಕೂತಿತು.

ಪನಮರದ ಕಡೆಯಿಂದ ಅವಳ ಅಣ್ಣ ನೋಡಲು ಬಂದ. ನಿಯಮ ನಿಷ್ಠೆಯ ಮನುಷ್ಯ, ತಂಗಿಯೆಂದರೆ ಪ್ರಾಣ. ಅವನ ಎದುರಿಗೂ ಅವಳು ಗಂಜಿ ಒಲ್ಲದೆ ಕೈ ಎತ್ತಿದಳು. ಅವನು ಎದ್ದು ನಿಂತು ಕೈಮುಗಿದ.

"ಭಾವ, ನಂಗೆ ತೋರೋದು ಹೇಳ್ತೀನಿ, ಬೇಜಾರಾಗ್ಬೇಡಿ" ಎಂದ. "ಅವ್ಳು ಸಲ್ಲೇಖನಕ್ಕೆ ಮನಸ್ಸು ಮಾಡಿದ್ದಾಳೆ. ಬಲವಂತ ಮಾಡೋದು ಪಾಪ."

ಸಾವು ಹತ್ತಿರ ಬಂತೆಂದು ತಿಳಿದ ನಮ್ಮವರು ಅನ್ನವನ್ನೂ ನೀರನ್ನೂ ಮೆಲ್ಲಮೆಲ್ಲನೆ ಬಿಟ್ಟು ದೇಹವನ್ನು ಇಳಿಸುವ ವ್ರತ ಅದು. ದೊಡ್ಡ ಮಾತು. ಅದರ ಹೆಸರು ಹೇಳಿದರೆ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ. ನಾನು ಎತ್ತಿದೆ.

"ಬಾಯಿಲ್ಲದೋಳು ವ್ರತ ಹೇಗೆ ಹಿಡಿತಾಳೆ? ಅವ್ಳು ಹೇಳಿದ್ಲಾ?"

"ಕೈ ಎತ್ತಿ ತೋರಿಸ್ತಾಳಲ್ಲ ಭಾವ. ಇನ್ನು ಹೇಗೆ ಹೇಳ್ಬೇಕು?"

ಓಡಿಹೋಗಿ ಡಾಕ್ಟರನ್ನು ಮನೆಗೆ ಕರೆತಂದೆ. ಅವರು ಅವಳ ಕಣ್ಣ ರೆಪ್ಪೆ ಎತ್ತಿ, ನಾಲಗೆ ಒತ್ತಿ ನೋಡಿ, ನುಂಗುವ ಶಕ್ತಿ ಹೋಗುತ್ತಿದೆ, ಮೂಗಿನಿಂದ ನಳಿಗೆ ಇಳಿಸಬೇಕು, ಸೋಮವಾರ ಕರೆತನ್ನಿ ಎಂದರು. ಇತ್ತ ಅವಳ ಅಣ್ಣ, ನಳಿಗೆ ಹಾಕಿಸಿದರೆ ವ್ರತ ಕೆಡಿಸಿದ ಹಾಗೆ, ಅವಳ ಜನ್ಮ ಹಾಳು ಮಾಡಬೇಡಿ ಎಂದು ಹೇಳಿಕಳಿಸಿದ. ಒಂದು ಕಡೆ ಮೂಗಿಗೆ ನಳಿಗೆ, ಇನ್ನೊಂದು ಕಡೆ ಸುಮ್ಮನೆ ಕೂತು ಸಾಯುವುದನ್ನು ನೋಡುವುದು. ನಳಿಗೆ ಕಿತ್ತುಹಾಕದಂತೆ ಅವಳ ಎಡಗೈಯನ್ನು ಮಂಚಕ್ಕೆ ಕಟ್ಟಬೇಕಾದೀತು ಎಂದೂ ಡಾಕ್ಟರು ಹೇಳಿದ್ದರು. ಅವಳಿಗೆ ಉಳಿದಿದ್ದದ್ದು ಅದೊಂದು ಕೈ. ನಾನು ಎರಡಕ್ಕೂ ಹೂಂ ಎನ್ನಲಾರದೆ, ಎರಡಕ್ಕೂ ಊಹೂಂ ಎನ್ನಲಾರದೆ ಮನೆಯೊಳಗೆ ಮೂಲೆಯಿಂದ ಮೂಲೆಗೆ ಅಲೆದೆ. ಕೊನೆಗೆ ನಳಿಗೆಯೇ ಆಗಲಿ ಎಂದು ಸೋಮವಾರಕ್ಕೆ ಜೀಪು ಹೇಳಿದೆ.

ಭಾನುವಾರ ಬೀಸಿದ ಗಾಳಿಗೆ ರಸ್ತೆಗೆ ಅಡ್ಡಲಾಗಿ ಮರಗಳು ಬಿದ್ದವು. ಕರೆಂಟು ಹೋಯಿತು. ಸೋಮವಾರ ಜೀಪು ಬರಲಿಲ್ಲ. ಮಗಳ ಶಾಲೆಗೂ ರಜೆ. ಮಧ್ಯಾಹ್ನ ಕೋಣೆಯಲ್ಲಿ ಏನೂ ಕಾಣುವಂತಿರಲಿಲ್ಲ. ಮಗಳೂ ನಾನೂ ಅವಳನ್ನು ಹಾಸಿಗೆ ಸಮೇತ ಎತ್ತಿ ಜಗಲಿಯ ಬಾಗಿಲ ಹತ್ತಿರ ಬೆಂಚಿನ ಮೇಲೆ ಮಲಗಿಸಿದೆವು. ಅಲ್ಲಿ ಮಳೆಯ ಮಂದ ಬೆಳಕು ಇತ್ತು. ಗಂಜಿಯ ಬಟ್ಟಲು ತಂದು, ನೋಡೋಣ ಎಂದು ಚಮಚವನ್ನು ಅವಳ ತುಟಿಗೆ ತಾಗಿಸಿದೆ. ಅವಳು ಬಾಯಿ ತೆರೆದಳು.

ಬಟ್ಟಲು ಬರಿದಾಯಿತು. ಮಗಳು ಓಡಿಹೋಗಿ ಇನ್ನೊಂದು ಬಟ್ಟಲು ತಂದಳು. ಅದರಲ್ಲೂ ಅರ್ಧ ಇಳಿಯಿತು. "ಹೊರಗಿನ ಗಾಳಿ ಹಿಡಿಸ್ತು ಅಪ್ಪ, ಅಷ್ಟೇ. ಆ ಕೋಣೇಲಿ ಉಸಿರು ಕಟ್ತಿತ್ತು" ಎಂದಳು. ನಾನೂ ನಂಬಿದೆ. ಕರೆಂಟಿಲ್ಲದ ಆ ದಿನಗಳಲ್ಲಿ ಹಗಲೆಲ್ಲ ಅವಳು ಜಗಲಿಯಲ್ಲೇ ಇದ್ದಳು, ಕೊಟ್ಟಾಗಲೆಲ್ಲ ಉಂಡಳು. ನಾನು ದೇವರಿಗೆ ಕೈಮುಗಿದೆ, ಗಾಳಿಗೂ ಕೈಮುಗಿದೆ.

ಕರೆಂಟು ಮರಳಿ ಬಂದ ದಿನ ನನ್ನ ಹಳೆಯ ಬುದ್ಧಿ ಎದ್ದಿತು. ಜಗಲಿಯೇ ಅವಳಿಗೆ ಸರಿಯಾದ ಜಾಗವಾದರೆ ಅಲ್ಲಿಯೂ ಬೆಳಕು ಬೇಡವೇ? ಒಳಗಿನಿಂದ ವೈರು ಎಳೆದು, ಬಾಗಿಲ ಮೇಲೆ ಹೋಲ್ಡರು ಕೂರಿಸಿ, ದೊಡ್ಡ ಬಲ್ಬು ಹಾಕಿದೆ. ಮಧ್ಯಾಹ್ನ ಅದನ್ನು ಹೊತ್ತಿಸಿ ಉಣಿಸಲು ಕೂತೆ. ಅವಳು ಹಲ್ಲು ಕಚ್ಚಿದಳು. ಎಡಗೈ ಮೇಲೆದ್ದಿತು.

ನಮ್ಮ ಕಸುಬಿನಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಬಂದು ಹೋಗುವ ದೋಷ. ಪೂರ್ತಿ ಸತ್ತ ಲೈನನ್ನು ಯಾವ ಹೊಸಬನೂ ಹುಡುಕಬಲ್ಲ. ಒಮ್ಮೆ ಕೆಲಸ ಮಾಡಿ ಒಮ್ಮೆ ಕೈಕೊಡುವ ಲೈನು ಮನುಷ್ಯನ ಪ್ರಾಣ ಹಿಂಡುತ್ತದೆ. ಅದಕ್ಕೆ ಇರುವ ದಾರಿ ಒಂದೇ. ನಿನ್ನೆ ಸರಿಯಿದ್ದು ಇವತ್ತು ಕೆಟ್ಟರೆ, ನಿನ್ನೆಗೂ ಇವತ್ತಿಗೂ ನಡುವೆ ಯಾವುದು ಬದಲಾಯಿತು ಎಂದು ನೋಡು. ನಾನು ನೋಡಿದೆ. ಅದೇ ಜಗಲಿ, ಅದೇ ಗಾಳಿ, ಅದೇ ಗಂಜಿ, ಅದೇ ಚಮಚ. ಆಮೇಲೆ ಅವಳ ಬೆರಳು ಎಲ್ಲಿಗೆ ತೋರಿಸುತ್ತಿದೆ ಎಂದು ಮೊದಲ ಸಲ ಸರಿಯಾಗಿ ನೋಡಿದೆ. ಅದು ಆಕಾಶಕ್ಕೆ ತೋರಿಸುತ್ತಿರಲಿಲ್ಲ.

ಎದ್ದು ಸ್ವಿಚ್ಚು ಆರಿಸಿದೆ. ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ಬಲ್ಬನ್ನು ನೋಡಿದಳು, ಅಂಗಳದ ಮಳೆಯನ್ನು ನೋಡಿದಳು, ಆಮೇಲೆ ಬಟ್ಟಲನ್ನು ನೋಡಿ ಬಾಯಿ ತೆರೆದಳು.

ನಾನು ಉಣಿಸಲಿಲ್ಲ. ಉಣಿಸಲು ಆಗಲಿಲ್ಲ. ಚಮಚವನ್ನು ಬಟ್ಟಲಿಗೇ ಹಾಕಿ, ಆರಿದ ಬಲ್ಬನ್ನು ನೋಡುತ್ತ ಕೂತೆ. ದೀಪ ಹಾಕಿದರೆ ರಾತ್ರಿ. ರಾತ್ರಿ ಉಣ್ಣಬಾರದು. ನೆತ್ತಿಯ ಮೇಲೆ ಟ್ಯೂಬ್ ಲೈಟು ಉರಿಸಿ, ನಡುಹಗಲನ್ನೇ ರಾತ್ರಿ ಮಾಡಿ, ಉಣ್ಣು ಉಣ್ಣು ಎಂದು ಅವಳ ಬಾಯಿಗೆ ಚಮಚ ತುರುಕುತ್ತಿದ್ದವನು ನಾನು. ಹಸಿದು ಸಾಯುತ್ತ ಇದ್ದರೂ ಅವಳು ಕಟ್ಟು ಮುರಿದಿರಲಿಲ್ಲ. ದೀಪ ಆರಿಸಿ ಎಂದು ಕೈಯೆತ್ತಿ ಬೇಡುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ನನ್ನ ಮನೆಯಲ್ಲಿ ಬಾಯಿಯ ತನಕ ಬಂದ ತುತ್ತಿಗೆ ನಾನೇ ಅಡ್ಡ ನಿಂತಿದ್ದೆ.

ಸಂಜೆ ಮಗಳಿಗೆ ಹೇಳಿದೆ. ಅವಳು ತಾಯಿಯ ಕಾಲ ಬಳಿ ಕೂತು ಬಿಕ್ಕಿದಳು. ಸಂತೋಷಕ್ಕೆ ಎಂದುಕೊಂಡೆ. ಆದರೆ ಅವಳು ನನಗಿಂತ ಬೇಗ ಮುಂದಿನದನ್ನು ಕಂಡಿದ್ದಳು.

"ಅಪ್ಪ, ಹಾಗಾದ್ರೆ ಅಮ್ಮನಿಗೆ ಎಲ್ಲಾ ಕೇಳಿಸ್ತಿತ್ತು."

ಎಲ್ಲಾ ಎಂದರೆ ಎಲ್ಲಾ. ಎಷ್ಟು ದಿನ ಇರುತ್ತಾಳೆ ಎಂದು ನಾವು ಮಂಚದ ಪಕ್ಕದಲ್ಲೇ ನಿಂತು ಮಾತಾಡಿದ್ದೆವು. ದಹನಕ್ಕೆ ಒಣ ಕಟ್ಟಿಗೆ ಈ ಮಳೆಯಲ್ಲಿ ಎಲ್ಲಿಂದ ಎಂದು ಅವಳ ಅಣ್ಣ ಕೇಳಿದ್ದ. ಕೈ ಕಟ್ಟುವ ವಿಷಯ ಆಡಿದ್ದೆವು. ಒಳಗೆ ಇದ್ದಾಳೋ ಇಲ್ಲವೋ ಎಂದು ತಿಂಗಳುಗಟ್ಟಲೆ ಕೇಳಿದ ನನಗೆ ಉತ್ತರ ಸಿಕ್ಕಿತ್ತು. ಇದ್ದಳು. ಪ್ರತಿ ದಿನ, ಪ್ರತಿ ಮಾತಿಗೂ ಇದ್ದಳು. ಅಂಥ ಉತ್ತರವನ್ನು ಇಟ್ಟುಕೊಂಡು ಏನು ಮಾಡಬೇಕೆಂದು ನನಗೆ ಯಾರೂ ಕಲಿಸಿರಲಿಲ್ಲ. ಲೈನು ಸರಿಹೋದರೆ ನಾನು ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬರುವವನು. ಇದರಿಂದ ಎಲ್ಲಿಗೆ ಹೋಗಲಿ?

ಟ್ಯೂಬ್ ಲೈಟನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಅವಳ ಅಣ್ಣನಿಗೆ ಹೇಳಿಕಳಿಸಿದಾಗ ಅವನು ಮಳೆಯಲ್ಲೇ ಬಂದು, ಜಗಲಿಯ ಕಂಬಕ್ಕೆ ಒರಗಿ ನಿಂತು, ತಂಗಿ ಗಂಜಿ ಕುಡಿಯುವುದನ್ನು ನೋಡಿದ. ಹೋಗುವಾಗ ಅವಳ ಪಾದ ಮುಟ್ಟಿ ಹೋದ.

ಆಮೇಲಿನ ವಾರಗಳು ನನ್ನ ಬಾಳಿನ ಒಳ್ಳೆಯ ವಾರಗಳು ಎಂದು ಹೇಳಬೇಕು, ಹೇಳಲು ಬಾಯಿ ಬರುತ್ತಿಲ್ಲ. ಸಂಜೆ ಬೆಳಕಿರುವಾಗಲೇ ಅವಳ ಬಟ್ಟಲು ಹಿಡಿದು ಜಗಲಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಅವಳು ಎಡಗೈಯಿಂದ ಬಟ್ಟಲನ್ನು ನನ್ನ ಕಡೆಗೆ ತಳ್ಳಿದಳು. ಸಾಕೇನೋ ಎಂದುಕೊಂಡೆ. ಮತ್ತೆ ತಳ್ಳಿದಳು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಒಂದು ಚಮಚ ಕುಡಿದೆ. ಆಗ ತಾನು ಬಾಯಿ ತೆರೆದಳು. ಅಂದಿನಿಂದ ನನ್ನ ತಟ್ಟೆಯನ್ನೂ ತಂದು ಅವಳ ಪಕ್ಕದಲ್ಲೇ ಉಂಡೆ. ನಿವೃತ್ತಿಯ ಮರುದಿನ ಒಗ್ಗದ ಹೊಟ್ಟೆ ಈಗ ನಾಲ್ಕು ಗಂಟೆಗೇ ಹಸಿಯತೊಡಗಿತ್ತು. ತಟ್ಟೆ ತೊಳೆದಿಟ್ಟು, ಅವಳ ಬಾಯಿ ಒರೆಸಿ, ಹಾಕಲಾ ಎಂದು ಕೇಳುತ್ತಿದ್ದೆ. ಅವಳು ರೆಪ್ಪೆ ಮುಚ್ಚಿ ತೆರೆದರೆ ದೀಪ ಹಾಕುತ್ತಿದ್ದೆ.

ಮಳೆ ಕಡಿಮೆಯಾಗುವ ಹೊತ್ತಿಗೆ ಅವಳಿಗೆ ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿಂದ ಅವಳು ಮನೆಗೆ ಬರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳುವ ಧೈರ್ಯ ನನಗಿಲ್ಲ.

ವಾರ್ಡು ಉದ್ದದ್ದು, ಕಿಟಕಿಗಳು ಸಣ್ಣವು. ಮೋಡದ ದಿನಗಳಲ್ಲಿ ಹಗಲು ರಾತ್ರಿ ಲೈಟು ಉರಿಯುತ್ತಿತ್ತು. ಮೊದಲ ದಿನ ಅವಳು ಏನೂ ಮುಟ್ಟಲಿಲ್ಲ. ಎಡಗೈಯನ್ನು ಎತ್ತಲು ನೋಡಿ, ಎತ್ತಲಾರದೆ, ಹಾಸಿಗೆಯ ಮೇಲೆ ಬೆರಳುಗಳನ್ನಷ್ಟೇ ಬಿಚ್ಚಿದಳು. ನನಗೆ ಅರ್ಥವಾಯಿತು. ನರ್ಸಿನ ಹತ್ತಿರ ಹೋಗಿ, ಸ್ವಲ್ಪ ಹೊತ್ತು ಲೈಟು ಆರಿಸುತ್ತೀರಾ ಎಂದು ಕೇಳಿದೆ. ಕಾರಣವನ್ನೂ ಹೇಳಿದೆ. ಅವಳು ಒಳ್ಳೆಯ ಹುಡುಗಿ, ಪೂರ್ತಿ ಕೇಳಿಸಿಕೊಂಡಳು. ಆದರೆ ಉಳಿದ ಮಂಚಗಳಲ್ಲೂ ರೋಗಿಗಳಿದ್ದರು, ಸೂಜಿ ಹಾಕಬೇಕಿತ್ತು, ಬಾಟಲಿ ನೋಡಬೇಕಿತ್ತು. ಎಲ್ಲ ಲೈಟಿಗೂ ಒಂದೇ ಸ್ವಿಚ್ಚು. ಜೀವಮಾನವೆಲ್ಲ ಜಿಲ್ಲೆಯ ತಂತಿಗಳನ್ನು ಕಡಿದು ಕೂಡಿಸಿದವನು ಆ ಸ್ವಿಚ್ಚಿನ ಮುಂದೆ ಕೈಕಟ್ಟಿಕೊಂಡು ನಿಂತೆ.

ಎರಡನೆಯ ದಿನ ಮಧ್ಯಾಹ್ನ ಅವಳ ತುಟಿ ಒಣಗಿ ಬಿರಿದಿತ್ತು. ನಾನು ಮಂಚದ ಕಂಬಿಗೆ ತಗುಲಿಸಿದ್ದ ನನ್ನ ಕರಿಯ ಕೊಡೆಯನ್ನು ತೆಗೆದು, ಬಿಚ್ಚಿ, ಅವಳ ಮುಖದ ಮೇಲೆ ಹಿಡಿದೆ. ಲೈಟು ಮರೆಯಾಯಿತು. ಅವಳ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿದೆ. ಅಲ್ಲಿ ಇನ್ನೂ ಹಗಲಿತ್ತು, ಗೋಡೆಯ ಪಾಚಿ ಹಸಿರಾಗಿ ಕಾಣುತ್ತಿತ್ತು. ಎದುರು ಮಂಚದವರು ನಕ್ಕರು. ಸೂರಿನ ಕೆಳಗೆ ಕೊಡೆ ಬಿಚ್ಚಬಾರದು, ಕೇಡು ಎಂದು ಒಬ್ಬ ಮುದುಕಿ ಬೈದಳು. ನರ್ಸು ಬಂದು "ಎಂದಾ ಅಚ್ಚಾ ಇದು?" ಏನಪ್ಪಾ ಇದು ಎಂದು ಮಲಯಾಳದಲ್ಲಿ ಕೇಳಿ, ನನ್ನ ಮುಖ ನೋಡಿ, ಇದೇನೆಂದು ತಾನೇ ತಿಳಿದುಕೊಂಡು ಸುಮ್ಮನೆ ಹೋದಳು. ನಾನು ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಚಮಚ ಹಿಡಿದು ಕಾದೆ.

ಅವಳು ಕಿಟಕಿ ನೋಡಿದಳು, ಕೊಡೆ ನೋಡಿದಳು, ನನ್ನನ್ನು ನೋಡಿದಳು. ಬಾಯಿಯ ಎಡಮೂಲೆ ಒಂದಿಷ್ಟು ಮೇಲೆ ಹೋಯಿತು. ಇವ್ರಿಗೆ ನೆಟ್ಟಗಿರೋದು ಕಾಣೋದೇ ಇಲ್ಲ ಎನ್ನುವಾಗ ಹೀಗೆಯೇ ಹೋಗುತ್ತಿತ್ತು. ಆಮೇಲೆ ಬಾಯಿ ತೆರೆದಳು. ಹನಿಹನಿಯಾಗಿ ಇಳಿಸಿದೆ. ಕೈ ಸೋತು ಕೊಡೆ ವಾಲಿದರೆ ಅವಳು ಬಾಯಿ ಮುಚ್ಚಿ ಕಾಯುತ್ತಿದ್ದಳು, ನೆಟ್ಟಗಾದರೆ ತೆರೆಯುತ್ತಿದ್ದಳು. ಹೀಗೆ ಎಷ್ಟು ಹೊತ್ತು ಕೂತೆವೋ ತಿಳಿಯದು. ಕಿಟಕಿಯಾಚೆಯ ಪಾಚಿ ಹಸಿರಿನಿಂದ ಕಪ್ಪಾಯಿತು. ಅವಳು ಬಾಯಿ ಮುಚ್ಚಿದಳು, ಮತ್ತೆ ತೆರೆಯಲಿಲ್ಲ. ಬೆರಳುಗಳಿಂದ ಬಟ್ಟಲನ್ನು ನನ್ನ ಕಡೆಗೆ ಒಂದು ಕೂದಲೆಳೆಯಷ್ಟು ಸರಿಸಿದಳು. ನಾನು ಕೊಡೆ ಮಡಚಿದೆ.

ಮಗಳು ಶಾಲೆಯಿಂದ ನೇರವಾಗಿ ಬಂದಳು. ತಾಯಿಯ ಹಣೆ ಮುಟ್ಟಿ ನೋಡಿ, ಬಟ್ಟಲಲ್ಲಿ ಉಳಿದಿದ್ದ ಗಂಜಿಯನ್ನು ನೋಡಿದಳು.

"ಅಪ್ಪ, ನೀವು ಬೆಳಿಗ್ಗೆಯಿಂದ ಏನೂ ತಿಂದ ಹಾಗಿಲ್ಲ. ಅದನ್ನಾದ್ರೂ ಕುಡೀರಿ."

ಹೊಟ್ಟೆ ಸುಡುತ್ತಿತ್ತು. ಹೆಂಡತಿ ಕಣ್ಣು ಮುಚ್ಚಿದ್ದಳು, ನಿದ್ದೆಯೋ ಏನೋ, ಆದರೆ ಅವಳಿಗೆ ಎಲ್ಲಾ ಕೇಳಿಸುತ್ತದೆ ಎಂದು ನನಗೆ ಈಗ ಗೊತ್ತಿತ್ತು. ಬಟ್ಟಲನ್ನು ಮುಚ್ಚಿ ಪಕ್ಕಕ್ಕಿಟ್ಟೆ.

"ಬೇಡ ಮಗಾ" ಎಂದೆ. "ದೀಪ ಹಾಕಿ ಆಯ್ತು."